ಒಡಕು ದೇವರ ಮನೆ

ನಾನು ಕೆಲಸ ಮಾಡುತ್ತಿದ್ದ ಕಲಾ ಸಂಗ್ರಹಾಲಯಕ್ಕೆ ಸರಕಾರ ಇಟ್ಟಿದ್ದ ಹೆಸರು ಬಹಳ ಉದ್ದವಿತ್ತು. ಬೋರ್ಡಿನಲ್ಲಿ ಜಾಗ ಸಾಲದೆ ಪೇಂಟರ್ ಕೊನೆಯ ಅಕ್ಷರಗಳನ್ನು ಒಂದರ ಮೇಲೊಂದು ಕೂರಿಸಿದ್ದ. ಹಾನಗಲ್ಲಿನ ಜನ ಆ ಉಸಾಬರಿಗೇ ಹೋಗಿರಲಿಲ್ಲ. ಅವರು ಅದನ್ನು 'ಒಡಕ ದೇವರ ಮನಿ' ಎಂದು ಕರೆದು ಕೈತೊಳೆದುಕೊಂಡಿದ್ದರು. ಬಸ್ಸಿನ ಕಂಡಕ್ಟರ್ ಕೂಡ "ಒಡಕ ದೇವರ ಮನಿ ಯಾರ್ರೀ, ಇಳೀರಿ" ಎಂದೇ ಕೂಗುತ್ತಿದ್ದ. ಅಲ್ಲಿ ಇಳಿಯುವವಳು ನಾನೊಬ್ಬಳೇ ಆಗಿದ್ದೆ.

ಹೆಸರು ಸುಳ್ಳೇನೂ ಆಗಿರಲಿಲ್ಲ. ಹಳೆಯ ಕಚೇರಿಯ ಕಟ್ಟಡ, ಮುಂದೆ ಉದ್ದನೆಯ ಪಡಸಾಲೆ, ಒಳಗೆ ಸಾಲಾಗಿ ದೇವರು. ಹೊಲ ಉಳುವಾಗ, ಬಾವಿ ತೋಡುವಾಗ, ರಸ್ತೆ ಅಗೆಯುವಾಗ ಸಿಕ್ಕವರು. ಮೂಗಿದ್ದವರಿಗೆ ಕೈ ಇರಲಿಲ್ಲ, ಕೈ ಇದ್ದವರಿಗೆ ತಲೆ ಇರಲಿಲ್ಲ. ಎಲ್ಲ ಅಂಗಗಳೂ ನೆಟ್ಟಗಿದ್ದದ್ದು ಒಂದು ಬಸವಣ್ಣನಿಗೆ ಮಾತ್ರ, ಅದರ ಬೆನ್ನಿನ ಮೇಲೆ ನಮ್ಮ ಜವಾನ ತನ್ನ ಅಂಗಿ ಒಣಹಾಕುತ್ತಿದ್ದ. ಹಿಂದಿನ ಕೋಣೆಯಲ್ಲಿ ಕೆಲವು ತೈಲಚಿತ್ರಗಳಿದ್ದವು. ಪೇಟ ಸುತ್ತಿದ ಯಾರೋ ಜಮೀನುದಾರರು. ಅವರ ಮೀಸೆಗಳನ್ನು ಗೆದ್ದಲು ತಿಂದು ಮುಗಿಸಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಜನರನ್ನು ಸಂಗ್ರಹಾಲಯಕ್ಕೆ ಕರೆತರುವುದು, ಕಲೆಯ ಬಗ್ಗೆ ಊರಿಗೆ ತಿಳಿಹೇಳುವುದು ನನ್ನ ಕೆಲಸ. ಆ ವಿಭಾಗದ ಮುಖ್ಯಸ್ಥೆ ನಾನೇ, ಅದರ ಸಿಬ್ಬಂದಿಯೂ ನಾನೇ. ನನ್ನ ಕೈಕೆಳಗೆ ಯಾರೂ ಇರಲಿಲ್ಲವಾದ್ದರಿಂದ ಬೈಯಬೇಕೆನಿಸಿದಾಗ ದೇವರನ್ನೇ ಬೈಯುತ್ತಿದ್ದೆ.

ಈ ನೌಕರಿ ನನಗೆ ಏಕೆ ಬೇಕಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹಿರೇಕೆರೂರಿನ ಗಂಡನ ಮನೆ ಬಿಟ್ಟು ಬಂದವಳು. ಏಕೆ ಬಿಟ್ಟೆ ಎಂದು ಆಗ ಯಾರಿಗೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ತವರುಮನೆ ಸವಣೂರು. ಅಪ್ಪ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಪಂಡಿತರು. ನಾನು ತಿರುಗಿ ಬಂದ ದಿನದಿಂದ ಅವರು ನನ್ನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಿದ್ದರು, ಹೇಳುವುದನ್ನೆಲ್ಲ ಅವ್ವನ ಮುಖಾಂತರ ಹೇಳುತ್ತಿದ್ದರು. ಅವ್ವನಂತೂ ಅನ್ನ ಬಡಿಸುವಾಗ, ತಲೆ ಬಾಚುವಾಗ, ಹೂ ಕಟ್ಟುವಾಗ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಲ್ಲೇನಾತು ಅಂತ ಒಂದ್ಸಲ ಹೇಳಿಬಿಡು. ಮನಸ್ಸು ಹಗುರಾಗ್ತದ."

"ಯಾರ ಮನಸ್ಸು?" ಎಂದು ನಾನು ಕೇಳುತ್ತಿದ್ದೆ. ಅಲ್ಲಿಗೆ ಜಗಳ ಶುರುವಾಗುತ್ತಿತ್ತು.

ಬಂದ ನೆಂಟರೂ ಅದನ್ನೇ ಕೇಳುತ್ತಿದ್ದರು. ಹಾನಗಲ್ಲಿನಲ್ಲಿ ನೌಕರಿ ಸಿಕ್ಕಿತು, ಒಂದು ಕೋಣೆ ಬಾಡಿಗೆಗೆ ಹಿಡಿದೆ, ಉಸಿರಾಡಿದೆ. ಭಾನುವಾರಕ್ಕೊಮ್ಮೆ ಸವಣೂರಿಗೆ ಹೋಗಿ ಬರುತ್ತಿದ್ದೆ. ನಮ್ಮ ಅಕ್ಕ ತವರಿಗೆ ಬಂದು ಹೋಗುವಾಗ ಅವ್ವ ತಪ್ಪದೆ ಉಡಿ ತುಂಬುತ್ತಿದ್ದಳು: ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಷಿಣದ ಬೇರು, ಕುಪ್ಪಸದ ಖಣ. ಅದು ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವ ಶಾಸ್ತ್ರ. ನಾನು ಹೊರಟಾಗ ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದಳು, ಅಷ್ಟೇ. ನನ್ನನ್ನು ಯಾವ ಲೆಕ್ಕದಲ್ಲಿ ಕಳಿಸಬೇಕೆಂದು ಪಾಪ ಆಕೆಗೆ ಗೊತ್ತಿರಲಿಲ್ಲ. ನನಗೇನೂ ಅನಿಸುವುದಿಲ್ಲ ಎಂಬ ಮುಖ ಮಾಡಿಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಹೀಗಿರುವಾಗ ನಮ್ಮ ಸಾಹೇಬರು ಒಂದು ಸುದ್ದಿ ತಂದರು. ಸಾಹೇಬರು ಮೈಸೂರು ಕಡೆಯವರು, ಸಂಭಾವಿತರು. ಇಲ್ಲಿನ ರೊಟ್ಟಿ ಹಲ್ಲಿಗೆ ಹಿಡಿಸದೆ ಸದಾ ಅರ್ಧ ಹೊಟ್ಟೆಯಲ್ಲಿರುತ್ತಿದ್ದರು.

"ನೋಡೀಮ್ಮಾ, ದೀಪಾವಳಿ ಆದ್ಮೇಲೆ ಬೆಂಗಳೂರಿಂದ ದೊಡ್ಡ ಸಾಹೇಬ್ರು ಬರ್ತಾರೆ. ಜನ ಬರೋಲ್ಲ ಅಂತ ಗೊತ್ತಾದ್ರೆ ಈ ಕಲ್ಲುಗಳನ್ನೆಲ್ಲ ಲಾರಿಗೆ ಹೇರಿ ಧಾರವಾಡಕ್ಕೆ ಸಾಗಿಸ್ತಾರೆ. ನನಗೆ ವರ್ಗ ಆಗುತ್ತೆ. ನಿಮ್ಮದು ತಾತ್ಕಾಲಿಕ ಹುದ್ದೆ, ಮನೆಗೆ ಹೋಗ್ಬೇಕಾಗುತ್ತೆ."

ಮನೆಗೆ ಎಂದರೆ ಸವಣೂರಿಗೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ "ಅಲ್ಲೇನಾತು" ಎಂಬ ಪ್ರಶ್ನೆಯ ಕೆಳಗೆ.

"ಇಲ್ಲಿನ ಜನಕ್ಕೆ ಕಲಾಭಿರುಚಿ ಇಲ್ಲ ಕಣ್ರೀ" ಎಂದರು ಸಾಹೇಬರು. ನಾನೂ ಹಾಗೆಂದೇ ತಿಳಿದಿದ್ದೆ. ಆದರೆ ಅದೇ ವಾರ ಒಂದು ಮಧ್ಯಾಹ್ನ ಜೋರು ಮಳೆ ಹಿಡಿಯಿತು. ಅಕ್ಕಿಆಲೂರಿನ ಬಸ್ಸಿಗೆ ಕಾಯುತ್ತಿದ್ದ ತಾಯಿ ಮಗಳು ನಮ್ಮ ಗೇಟಿನ ಹೊರಗೇ ತೊಯ್ಯುತ್ತ ನಿಂತಿದ್ದರು. ಪಡಸಾಲೆಗೆ ಬರ್ರಿ ಎಂದು ಕರೆದೆ.

"ಬ್ಯಾಡ್ರಿ ಬಾಯಾರ. ಮಗಳು ಬಸುರಿ ಅದಾಳ್ರಿ. ಒಡಕ ದೇವರ ಮಾರಿ ನೋಡಬಾರದ್ರಿ" ಎಂದಳು ತಾಯಿ. ಬಸುರಿ ಮಗಳು ಆಕಡೆ ಮುಖ ತಿರುಗಿಸಿಕೊಂಡೇ ನೆನೆದಳು.

ಆಗ ನನಗೆ ಬೆಳಕಾಯಿತು. ನಮ್ಮಲ್ಲಿ ಮೂರ್ತಿ ಒಡೆದರೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಗುಡಿಯಲ್ಲೂ ಇಡುವುದಿಲ್ಲ. ಪೂಜೆ ನಿಲ್ಲಿಸಿ, ಮರ್ಯಾದೆಯಿಂದ ಹೊಳೆಗೋ ಕೆರೆಗೋ ಬಿಡುತ್ತಾರೆ. ಇದು ನನಗೂ ಗೊತ್ತಿದ್ದದ್ದೇ, ಅಪ್ಪ ಶ್ಲೋಕಸಮೇತ ಹೇಳುತ್ತಿದ್ದರು. ಅಂಥ ಊರಿನಲ್ಲಿ ಸರಕಾರ ಒಡಕು ದೇವರನ್ನೆಲ್ಲ ಹುಡುಕಿ ತಂದು, ಒಂದೇ ಸೂರಿನಡಿ ನಿಲ್ಲಿಸಿ, ಪ್ರತಿಯೊಬ್ಬರ ಕೆಳಗೂ ಕೆಂಪು ಅಕ್ಷರದಲ್ಲಿ 'ಭಗ್ನ' ಎಂದು ಬರೆಸಿ, ಬನ್ನಿ ನೋಡಿ ಎಂದು ಕರೆಯುತ್ತಿತ್ತು. ಮರುದಿನ ನಾನು ಸುಣ್ಣದ ಡಬ್ಬಿ ತಂದು ಆ ಶಬ್ದವನ್ನೆಲ್ಲ ಅಳಿಸಿದೆ. ಸಾಹೇಬರು ಊಟಕ್ಕೆ ಹೋಗಿದ್ದರು.

ಜನ ಬಾರದಿದ್ದರೆ ನಾನೇ ಜನರ ಬಳಿ ಹೋಗುವುದೆಂದು ತೀರ್ಮಾನಿಸಿದೆ. ದೇವರುಗಳ ದೊಡ್ಡ ಫೋಟೋ ತೆಗೆಸಿ ರಟ್ಟಿಗೆ ಅಂಟಿಸಿ ಬಗಲಲ್ಲಿಟ್ಟುಕೊಂಡು ಊರೂರು ಅಲೆದೆ. ಶಿಗ್ಗಾಂವಿಯ ಹೆದ್ದಾರಿಯಲ್ಲಿ ಲಾರಿ ನಿಲ್ಲಿಸಿದ ಡ್ರೈವರನೊಬ್ಬ "ಕ್ಯಾಲೆಂಡರ್ ಹ್ಯಾಂಗ ಕೊಟ್ರಿ?" ಎಂದು ಕೇಳಿದ. ಅಲ್ಲಿನ ಕಾಲೇಜಿನಲ್ಲಿ ಭಾಷಣ ಮಾಡಿದೆ. ಹುಡುಗರು ನಿದ್ದೆ ಹೋದರು, ಅವರಿಗಿಂತ ಮೊದಲು ಪ್ರಿನ್ಸಿಪಾಲರು ಹೋಗಿದ್ದರು. ಅಕ್ಕಿಆಲೂರಿನ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಹೆಂಗಸು ಮಾತ್ರ ಫೋಟೋವನ್ನು ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿದಳು.

"ಕೈ ಎಲ್ಲಿ ಹೋತ್ರಿ?"

"ಮುರದದ."

"ನಮ್ಮ ಮೈದುನ ಗೌಂಡಿ ಅದಾನ್ರಿ. ಸಿಮಿಟಿನ್ಯಾಗ ಒಂದು ಕೈ ಮಾಡಿ ಕೂಡಸ್ತಾನ. ಹೇಳ್ಲೇನ್ರಿ?"

ಬೇಡವೆಂದು ತಪ್ಪಿಸಿಕೊಂಡು ಬಂದೆ. ಈಗ ಯೋಚಿಸಿದರೆ, ನಾನು ಮಾತಾಡಿಸಿದ ಅಷ್ಟೂ ಜನರಲ್ಲಿ ಆ ದೇವರಿಗೆ ಏನಾದರೂ ಮಾಡಬೇಕು ಎಂದವಳು ಅವಳೊಬ್ಬಳೇ.

ಕೊನೆಗೆ ದುಂಡಸಿಯ ಕಡೆ ಒಂದು ಹಳ್ಳಿಗೆ ಹೋದೆ. ನಮ್ಮಲ್ಲಿದ್ದ ಏಳು ಜನ ಮಾತೃಕೆಯರು, ಅಂದರೆ ಅಕ್ಕತಂಗಿಯರಂತೆ ಜೊತೆಗೇ ಇರುವ ಏಳು ದೇವಿಯರ ಕಲ್ಲುಗಳು, ಆ ಊರಿನ ಹೊಲದಲ್ಲಿ ಸಿಕ್ಕಿದ್ದವು. ಅವರಲ್ಲೊಬ್ಬಳು ತೊಡೆಯ ಮೇಲೆ ಕೂಸನ್ನಿಟ್ಟುಕೊಂಡು ಕೂತಿದ್ದಳು, ಬಲಗೈ ಮೊಣಕೈವರೆಗೆ ಇರಲಿಲ್ಲ. ಪಾದದ ಬಳಿಯ ನವಿಲಿನ ಕೊರಳು ಮುರಿದು ಅದು ಕೋಳಿಯ ಹಾಗೆ ಕಾಣುತ್ತಿತ್ತು. ಸಾಹೇಬರ ಪ್ರಕಾರ ಅವಳು ಕೌಮಾರಿ, ಜವಾನನ ಪ್ರಕಾರ ಕೋಳಿ ಅವ್ವ. ಇಡೀ ಸಂಗ್ರಹಾಲಯದಲ್ಲಿ ನನಗೆ ಇಷ್ಟವಾದವಳು ಅವಳೇ. ಕೈ ಹೋಗಿದ್ದರೂ ಅವಳ ತುಟಿಯಲ್ಲಿ, ನಿಮ್ಮ ಅನುಕಂಪ ನಿಮ್ಮ ಹತ್ತಿರವೇ ಇರಲಿ ಎನ್ನುವಂಥ ನಗು ಇತ್ತು.

ಗೌಡರ ಮನೆಯ ಕಟ್ಟೆಯ ಮೇಲೆ ಜನ ಸೇರಿದರು. ಗೌಡರ ತಾಯಿ, ಎಲ್ಲರೂ ಗೌಡಸಾನಿ ಎನ್ನುತ್ತಿದ್ದ ಮುದುಕಿ, ಕಂಬಕ್ಕೊರಗಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ನಾನು ಪುಸ್ತಕದ ಮಾತೆಲ್ಲ ಬಿಟ್ಟು ಎದೆಯಿಂದಲೇ ಮಾತಾಡಿದೆ. ಈ ದೇವಿ ಸರಕಾರದ್ದಲ್ಲ, ನಿಮ್ಮ ಊರಿನವಳು, ನಿಮ್ಮ ಹಿರಿಯರು ಕಡೆಸಿದವಳು, ಅವಳನ್ನು ನೀವು ಕೈಬಿಟ್ಟರೆ ಹೇಗೆ ಎಂದೆಲ್ಲ. ಗೌಡಸಾನಿ ಫೋಟೋ ತರಿಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದಳು.

"ಹಂಗಾರ ಈಕಿ ನಮ್ಮಾಕಿ?"

"ನಿಮ್ಮಾಕೀನ, ಅಮ್ಮಾರ."

"ನಾವು ಬಂದ್ರ ಸರಕಾರದವ್ರು ಬ್ಯಾಡ ಅನ್ನೂದಿಲ್ಲ?"

"ಯಾಕನ್ನತಾರ? ಎಲ್ಲಾರೂ ಬರ್ರಿ" ಎಂದು, ದೊಡ್ಡ ಸಾಹೇಬರು ಬರುವ ದಿನವನ್ನೇ ಗೊತ್ತು ಮಾಡಿ ಹೇಳಿದೆ. ಬರುವಾಗ ಬಸ್ಸಿನಲ್ಲಿ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ ಇತ್ತು.

ಆ ದಿನ ಬೆಂಗಳೂರಿನ ಸಾಹೇಬರು ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಬಂದರು. ಖಾಲಿ ಪಡಸಾಲೆಯನ್ನು ಆ ತುದಿಯಿಂದ ಈ ತುದಿಗೆ ನೋಡಿ "ಹ್ಞೂಂ" ಎಂದರು. ನಮ್ಮ ಸಾಹೇಬರು ಬೆವರು ಒರೆಸಿಕೊಂಡರು. ಅಷ್ಟರಲ್ಲಿ ದೂರದಿಂದ ಶಹನಾಯಿ, ಹಲಗೆಯ ಸದ್ದು. ಗೇಟಿನಲ್ಲಿ ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದೆ ಇನ್ನೊಂದು. ಟ್ರೇಲರುಗಳ ತುಂಬ ಹೆಂಗಸರು, ಗಂಡಸರು, ಮಕ್ಕಳು, ಬುಟ್ಟಿಗಳು, ಮುಂದೆ ಇಳಕಲ್ ಸೀರೆ ಉಟ್ಟ ಗೌಡಸಾನಿ. ಹಾನಗಲ್ಲಿನ ಜನ ಏನಾಯಿತೆಂದು ನೋಡಲು ಅಂಗಡಿ ಬಿಟ್ಟು ಓಡಿಬಂದರು.

ಹೆಂಗಸರು ನೇರ ಆ ದೇವಿಯ ಮುಂದೆ ಹೋಗಿ ಕೂತರು. ಎಣ್ಣೆ ಹಚ್ಚಿದರು, ನೀರೆರೆದರು, ಹಸಿರು ಸೀರೆ ಉಡಿಸಿದರು, ಹಾಡು ಹೇಳಿ ಉಡಿ ತುಂಬಿದರು. ಬೆಂಗಳೂರಿನ ಸಾಹೇಬರು ಕ್ಯಾಮೆರಾ ಇಳಿಸಲೇ ಇಲ್ಲ. "ನೋಡ್ರೀ, ಇದು ಜೀವಂತ ಸಂಗ್ರಹಾಲಯ!" ಎಂದು ನಮ್ಮ ಸಾಹೇಬರ ಬೆನ್ನು ಚಪ್ಪರಿಸಿದರು. ಗೌಡರು ಕೈಮುಗಿದು, ದೇವಿಯ ಮೆರವಣಿಗೆ ಮಾಡಬಹುದೇ ಎಂದು ಕೇಳಿದರು. "ಧಾರಾಳವಾಗಿ! ಕಲೆ ಜನರ ನಡುವೆ ಹೋಗ್ಬೇಕು" ಎಂದರು ದೊಡ್ಡ ಸಾಹೇಬರು. ಮೆರವಣಿಗೆ ಎಲ್ಲಿಗೆ ಎಂದು ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳಿದ್ದರೆ ಗೌಡರು ಖಂಡಿತ ಹೇಳುತ್ತಿದ್ದರು. ನಾಲ್ಕು ಜನ ಗಟ್ಟಿ ಆಳುಗಳು ದೇವಿಯನ್ನೆತ್ತಿ ಟ್ರ್ಯಾಕ್ಟರಿಗೆ ಏರಿಸಿದರು. ದೊಡ್ಡ ಸಾಹೇಬರು ತೃಪ್ತಿಯಿಂದ ಊಟಕ್ಕೆ ಹೊರಟು, ಅಲ್ಲಿಂದ ಹಾಗೇ ಬೆಂಗಳೂರಿನ ದಾರಿ ಹಿಡಿದರು.

ಟ್ರ್ಯಾಕ್ಟರ್ ಪೇಟೆಯ ಕಡೆ ತಿರುಗದೆ ಕೆರೆಯ ದಾರಿಗೆ ಹೊರಳಿತು. ಸೀರೆಯ ನಿರಿಗೆ ಎತ್ತಿಕಟ್ಟಿ ಓಡಿದೆ. ಹಿಂದೆ ಸಾಹೇಬರು, ಅವರ ಹಿಂದೆ ಜವಾನ. ನಾವು ಏದುಸಿರು ಬಿಡುತ್ತ ತಲುಪುವ ಹೊತ್ತಿಗೆ ಆ ಗಂಡಸರು ದೇವಿಯನ್ನು ಹೊತ್ತು ಸೊಂಟದವರೆಗೆ ನೀರಿಗಿಳಿದಿದ್ದರು.

"ಅಮ್ಮಾರ, ಏನ್ ಮಾಡ್ಲಿಕತ್ತೀರಿ!"

ಗೌಡಸಾನಿಗೆ ನನ್ನ ಗಾಬರಿ ಅರ್ಥವಾಗಲಿಲ್ಲ. "ನೀವ ಹೇಳಿದ್ರೆಲ್ಲಾ ಬಾಯಾರ, ನಮ್ಮಾಕಿ ಅಂತ? ಸರಕಾರದಾಕಿ ಅಂತ ಇಷ್ಟ ದಿನ ಸುಮ್ನಿದ್ವಿ. ನಮ್ಮಾಕಿ ಅಂದಮ್ಯಾಲ ಕೈ ಮುರಕೊಂಡು ಮಂದಿ ಮನ್ಯಾಗ ಕುಂತಾಳಂದ್ರ ಬಿಡಾಕ ಬರ್ತೈತೇನು? ಮರ್ಯಾದಿಲೆ ನೀರಿಗೆ ಕಳಸ್ಬೇಕು."

ನಾನು ಕಿರುಚಿದೆ, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹೊಲದಲ್ಲಿ ಬಿದ್ದಿದ್ದ ಅವಳಿಗೆ ಎಮ್ಮೆಗಳು ಮೈ ತಿಕ್ಕುತ್ತಿದ್ದಾಗ ಎಲ್ಲಿ ಹೋಗಿತ್ತು ನಿಮ್ಮ ಮರ್ಯಾದೆ ಎಂದು ಕೇಳಿದೆ. ಶಹನಾಯಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಹಸಿರು ಸೀರೆ ಒಂದು ಗಳಿಗೆ ಉಬ್ಬಿ ತೇಲಿತು, ಆಮೇಲೆ ಅದೂ ಇಳಿಯಿತು. ನಾನು ದಂಡೆಯ ಮೇಲೆ ಕುಸಿದು ಕೂತೆ. ಮಗಳನ್ನು ಕಳಿಸಿದ ಸಂಕಟ ನನಗೂ ಆಗಿದೆ ಎಂದು ತಿಳಿದ ಗೌಡಸಾನಿ ಬೆನ್ನು ಸವರಿ, ನನ್ನ ಬೊಗಸೆಗೆ ನೈವೇದ್ಯದ ಸಿಹಿ ಮಾದಲಿ ಹಾಕಿದಳು. ಅಂಥ ಸಿಟ್ಟಿನಲ್ಲೂ ಮಾದಲಿ ರುಚಿಯಾಗಿತ್ತು, ಪೂರ್ತಿ ತಿಂದೆ.

ಸಂಗ್ರಹಾಲಯ ಉಳಿಯಿತು. ಜನರ ಉತ್ಸಾಹವನ್ನು ಹೊಗಳಿದ ಆದೇಶ ಬೆಂಗಳೂರಿನಿಂದ ಬಂತು. ಆದರೆ ಏಳರಲ್ಲಿ ಒಂದು ಪೀಠ ಖಾಲಿ. ಸಾಹೇಬರು ಅದರ ಮೇಲೆ 'ಸಂರಕ್ಷಣೆಗಾಗಿ ಕಳುಹಿಸಲಾಗಿದೆ' ಎಂಬ ಚೀಟಿ ಅಂಟಿಸಿದರು.

"ಬೇಸಿಗೇಲಿ ನೀರು ಇಳಿಯುತ್ತೆ, ಎತ್ತಿ ತಂದುಬಿಡೋಣ. ಅಷ್ಟರೊಳಗೆ ಬೆಂಗಳೂರಿಗೆ ಗೊತ್ತಾದ್ರೆ ನಿಮ್ಮನ್ನು ಮನೆಗೆ ಕಳಿಸ್ತಾರಮ್ಮಾ. ಜನಸಂಪರ್ಕ ನಿಮ್ಮದು ತಾನೆ?" ಎಂದರು. ಸಂಭಾವಿತರು ಎಂದು ಮೊದಲೇ ಹೇಳಿದ್ದೇನೆ.

ಚಳಿಗಾಲವೆಲ್ಲ ನಾನು ಕೆರೆಯ ನೀರು ನೋಡುತ್ತ ಕಳೆದೆ. ಸವಣೂರಿಗೆ ಹೋದರೂ ಅದೇ ಧ್ಯಾನ. ಅವ್ವನ ಪ್ರಶ್ನೆಗೆ ಜಗಳ ಕಾಯುವಷ್ಟು ಕಸುವೂ ಇರಲಿಲ್ಲ. ಯುಗಾದಿ ಕಳೆಯಿತು, ನೀರು ಇಳಿಯುತ್ತ ಬಂತು. ಹಗ್ಗ, ಹಾರೆ, ಆಳುಗಳನ್ನು ಗೊತ್ತು ಮಾಡಿಕೊಂಡು ಒಂದು ಬೆಳಿಗ್ಗೆ ಹೋದೆ. ನನಗಿಂತ ಮೊದಲು ಎಮ್ಮೆ ಮೈತೊಳೆಯಲು ಬಂದವರು ಅವಳನ್ನು ಕಂಡಿದ್ದರು. ಕೆಸರಿನಿಂದ ಎದೆಯವರೆಗೆ ಎದ್ದು ಕೂತಿದ್ದವಳ ಹಣೆಗೆ ಆಗಲೇ ಕುಂಕುಮ ಬಿದ್ದಿತ್ತು. ನಾನು ಹಗ್ಗವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ.

ನೋಡನೋಡುತ್ತ ದಂಡೆಯ ಮೇಲೆ ತಗಡಿನ ಚಪ್ಪರವೆದ್ದಿತು. ಕೆರೆಯಿಂದ ಅವ್ವ ಎದ್ದಾಳೆ ಎಂಬ ಸುದ್ದಿ ಹಿರೇಕೆರೂರಿನವರೆಗೆ ಹೋಯಿತು. ಬಸ್ಸು ಮಾಡಿಕೊಂಡು ಜನ ಬಂದರು. ಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಹೆಂಗಸರು, ಬಸುರಿಯರು ಸಮೇತ, ಈಗ ಮುಖ ಕಾಣಲೆಂದು ಸಾಲು ಹಚ್ಚಿದರು. ಇಷ್ಟು ಜನರನ್ನು ಸೇರಿಸಲು ನಾನು ರಟ್ಟು ಹೊತ್ತು ಎಷ್ಟು ಚಪ್ಪಲಿ ಸವೆಸಿದ್ದೆ! ನೋಡಲು ನಾನೂ ಹೋದೆ. ಹಗ್ಗ ಹಿಡಿದು ನಿಂತಿದ್ದ ಒಬ್ಬಾತ "ಅಕ್ಕಾರ, ಸಾಲಿನ್ಯಾಗ ಬರ್ರಿ, ನಡುವ ತೂರಬ್ಯಾಡ್ರಿ" ಎಂದು ನನ್ನನ್ನು ಹಿಂದಕ್ಕೆ ಕಳಿಸಿದ.

ಬಿಸಿಲಿನಲ್ಲಿ ಕಾದು ಒಳಗೆ ಹೋದೆ. ಎಡಗೈ ತುಂಬ ಬಳೆ. ಬಲಗಡೆಯ ಮುರಿದ ಮೋಟನ್ನು ಯಾರೂ ಸೀರೆಯಲ್ಲಿ ಮುಚ್ಚಿರಲಿಲ್ಲ, ಗಾಯಕ್ಕೆ ಹಚ್ಚುವ ಹಾಗೆ ಅದಕ್ಕೆ ದಪ್ಪಗೆ ಅರಿಷಿಣ ಮೆತ್ತಿದ್ದರು. ತುಟಿಯಲ್ಲಿ ಅದೇ ನಗು. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಗೌಡಸಾನಿ ಕೂತಿದ್ದಳು. ನನ್ನ ಹೊಟ್ಟೆಯೊಳಗಿನ ಸಿಟ್ಟೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ಅಮ್ಮಾರ, ಒಡಕ ದೇವರನ್ನ ಪೂಜಾ ಮಾಡಬಾರದು ಅಂದವ್ರು ನೀವು. ಆಕೀಗೆ ಈಗಾದ್ರೂ ಕೈ ಅದ ಏನು?"

ಗೌಡಸಾನಿ ನನ್ನ ಮುಖ ನೋಡಿದಳು. ಆಕೆಗೆ ಸಿಟ್ಟು ಬರಲಿಲ್ಲ.

"ಒಡಕಾಗ್ಯಾಳ ಅಂತ ನಾವ ನೀರಿಗೆ ಹಾಕಿದ್ವಿ, ತಂಗಿ. ಆಕಿ ತಾನ ಎದ್ದು ಬಂದಾಳ. ಎದ್ದು ಬಂದಾಕೀನ ಕೈ ಎಲ್ಲಿ ಹೋತು, ಏನಾತು ಅಂತ ಕೇಳಬಾರದವ್ವಾ. ಕುಂದರಿಸಿ ಉಡಿ ತುಂಬಬೇಕು."

ಹಿಂದಿನವರು ದೂಡಿದರು, ನಾನು ಹೊರಗೆ ಬಂದೆ.

ಪೊಲೀಸರನ್ನು ಕರೆಯುತ್ತೇನೆಂದು ಹೊರಟ ಸಾಹೇಬರು ಜನಸಾಗರ ನೋಡಿ ಚಪ್ಪಲಿ ಕಳಚಿ ಕೈಮುಗಿದರು. ಆಮೇಲೆ, ಸಂಗ್ರಹಾಲಯವು ಕೆರೆಯ ದಂಡೆಯಲ್ಲಿ ಜನರ ಸಹಕಾರದಿಂದ ಒಂದು ಹೊರಾಂಗಣ ವಿಭಾಗ ತೆರೆದಿದೆ ಎಂದು ಬೆಂಗಳೂರಿಗೆ ಬರೆದರು. ಅಲ್ಲಿಂದ ಅಭಿನಂದನೆ ಬಂತು. ಆಕೆಯ ಅಕ್ಕತಂಗಿಯರು ನಮ್ಮಲ್ಲಿದ್ದಾರೆಂದು ತಿಳಿದ ಹೆಂಗಸರು ಅಲ್ಲಿಂದ ಸೀದಾ ನಮ್ಮ ಪಡಸಾಲೆಗೆ ಬರತೊಡಗಿದರು. ಜವಾನ ಬಸವಣ್ಣನ ಬೆನ್ನಿನಿಂದ ಅಂಗಿ ತೆಗೆಯಬೇಕಾಯಿತು.

ಮುಂದಿನ ಭಾನುವಾರ ಸವಣೂರಿನಲ್ಲಿ ಇದನ್ನೆಲ್ಲ ತಮಾಷೆ ಮಾಡಿ ಹೇಳಿದೆ. ಸಾಹೇಬರು ಓಡಿದ್ದು, ನಾನು ಮಾದಲಿ ತಿಂದದ್ದು, ಸಾಲಿನ ಹಿಂದಕ್ಕೆ ದಬ್ಬಿಸಿಕೊಂಡದ್ದು. ಅವ್ವ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಗೌಡಸಾನಿಯ ಕೊನೆಯ ಮಾತನ್ನೂ ಆಕೆಯ ದನಿಯಲ್ಲೇ ನಗಿಸಲೆಂದು ಹೇಳಿದೆ. ಅವ್ವ ನಗಲಿಲ್ಲ. ಒಳಕೋಣೆಯಲ್ಲಿ ಓದುತ್ತಿದ್ದ ಅಪ್ಪ ಹಾಳೆ ತಿರುವುವ ಸಪ್ಪಳವೂ ನಿಂತುಹೋಯಿತು. ಆ ದಿನ ಊಟದ ಹೊತ್ತಿನಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಸಂಜೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ.

"ನಿಂದ್ರು" ಎಂದಳು ಅವ್ವ. "ಚಪ್ಪಲಿ ಬಿಡು. ಒಳಗ ಬಂದು ಮಣಿ ಮ್ಯಾಲೆ ಕೂಡು."

ಮೊರದಲ್ಲಿ ಅಕ್ಕಿ ತಂದಿದ್ದಳು. ನಾನು ಮಣೆಯ ಮೇಲೆ ಕೂತು ಸೆರಗು ಹಿಡಿದೆ. ಅವ್ವ ಸುರಿದ ಅಕ್ಕಿ ಅರ್ಧ ನೆಲಕ್ಕೆ ಬಿತ್ತು. ಖಣ ಇಟ್ಟಳು, ಅರಿಷಿಣದ ಬೇರು ಇಟ್ಟಳು. ಒಳಗಿನಿಂದ ಅಪ್ಪನ ದನಿ ಬಂತು.

"ಆ ಸಣ್ಣ ಕಾಯಿ ಬ್ಯಾಡ. ದೊಡ್ಡದು ಅದ ನೋಡು ನಾಗಂದಿಗಿ ಮ್ಯಾಲೆ, ಅದನ್ನ ಹಾಕು."

ಬಸ್ಸಿನಲ್ಲಿ ಅತ್ತೆ. ಪಕ್ಕದವಳು ಯಾಕೆಂದು ಕೇಳಲಿಲ್ಲ, ಉಡಿ ನೋಡಿ ಗಂಡನ ಮನೆಗೆ ಹೊರಟವಳೆಂದು ತಿಳಿದಿರಬೇಕು. ಹಾನಗಲ್ಲು ಬಂತು. "ಒಡಕ ದೇವರ ಮನಿ ಯಾರ್ರೀ?" ಎಂದು ಕಂಡಕ್ಟರ್ ಕೂಗಿದ. ಅಷ್ಟು ದೊಡ್ಡ ಕಾಯಿಯ ಭಾರಕ್ಕೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ, ಎತ್ತಿ ತೋರಿಸಲು ಕೈ ಇರಲಿಲ್ಲ. ನಾನೇ ಎಂದು ಕೂಗಿ ಹೇಳಿ ಇಳಿದೆ.